ಮಾಸ್ಕ್ ತಯಾರಿಯೋ, ಡೆಲಿವರಿಯೋ, ಹಪ್ಪಳವೋ: ಕಾಲೇಜು ಮುಚ್ಚಿರುವಾಗ ವ್ಯಾಪಾರಕ್ಕೆ ಇಳಿಯುವವರಿಗೆ

ಪ್ರಶ್ನೆ: ನಾನು ಕಾಸರಗೋಡಿನ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ಮನೆ ಪೆರ್ಲದ ಹತ್ತಿರ. ಕೋವಿಡ್‌ನಿಂದಾಗಿ ಸೇರಿದಂದಿನಿಂದ ಪಾಠವೆಲ್ಲ ಮೊಬೈಲಿನಲ್ಲೇ, ಕ್ಲಾಸಿನಲ್ಲಿ ಕೂತದ್ದು ಬೆರಳೆಣಿಕೆಯ ದಿನ. ನಾನು, ನನ್ನ ಗೆಳತಿ ಮತ್ತು ಅವಳ ತಮ್ಮ (ಅವನಿಗೆ ಸೆಪ್ಟೆಂಬರಿನಲ್ಲಿ 18 ತುಂಬುತ್ತದೆ) ಸೇರಿ ಏನಾದರೂ ವ್ಯಾಪಾರ ಶುರುಮಾಡಬೇಕೆಂದಿದ್ದೇವೆ. ಕೈಯಲ್ಲಿ 40,000 ರೂ. ಇದೆ. ಯೋಚನೆ ಮೂರಿವೆ: ಮಾಸ್ಕ್ ಮತ್ತು ಸ್ಯಾನಿಟೈಸರ್ ತಯಾರಿ, ಬದಿಯಡ್ಕದಿಂದ ದಿನಸಿ, ಮದ್ದು ತಂದು ಮನೆಮನೆಗೆ ಕೊಡುವುದು, ಹಲಸಿನ ಹಪ್ಪಳ, ಚಿಪ್ಸ್ ಮಾಡಿ ಪುತ್ತೂರು, ಮಂಗಳೂರಿಗೆ ಮಾರುವುದು. ಸಂಬಂಧಿಕರೊಬ್ಬರು "3 ಲಕ್ಷ ಸಾಲ ತೆಗೆದರೆ 1 ಲಕ್ಷ ಸಬ್ಸಿಡಿ ಕೈಗೆ ಬರುತ್ತದೆ" ಎನ್ನುತ್ತಾರೆ. "ಅಡಿಕೆಗೆ ಒಳ್ಳೆಯ ಧಾರಣೆ ಇದೆ, ನೀನು ಸುಮ್ಮನೆ ಓದು" ಎನ್ನುವುದು ಅಪ್ಪನ ಮಾತು. ರೋಗದ ಕಾಲದಲ್ಲಿ ಲಾಭ ನೋಡುವುದು ತಪ್ಪಾ ಎಂಬ ಅಳುಕೂ ಇದೆ. ಏನು ಮಾಡಲಿ?

ಉತ್ತರ (ಜುಲೈ 2021): ನೀವು ಕೇಳಿದ್ದು ಮೂರು ಉದ್ಯಮಗಳ ಬಗ್ಗೆ. ಓದುವಾಗ ಕಾಣುವ ಚಿಂತೆ ಮಾತ್ರ ಒಂದೇ: ಈಗಿರುವ ಬೇಡಿಕೆ ಎಷ್ಟು ದಿನ ಇದ್ದೀತು? ಗಿರಾಕಿಯ ಬೇಡಿಕೆಯ ಜೊತೆಗೆ ನಿಮ್ಮ ಬಿಡುವನ್ನೂ ಇದಕ್ಕೆ ಸೇರಿಸಿಕೊಳ್ಳಿ. ಕಳೆದ ಒಂದೂವರೆ ವರ್ಷದಲ್ಲಿ ವಿದ್ಯಾರ್ಥಿಗಳು ಆರಂಭಿಸಿ ನಿಲ್ಲಿಸಿದ ವ್ಯಾಪಾರಗಳಲ್ಲಿ, ನಾನು ಕಂಡಂತೆ, ನಷ್ಟದಿಂದ ಮುಚ್ಚಿದವು ಕಡಿಮೆ. ಪರೀಕ್ಷೆಯ ದಿನಾಂಕ ಬಂತು, ಪ್ಯಾಕಿಂಗಿಗೆ ಜನ ಇಲ್ಲ, ಅಂಗಡಿಯವರ ಫೋನು ಎತ್ತುವವರಿಲ್ಲ. ಹೀಗೆ ನಿಂತವೇ ಹೆಚ್ಚು. ಆದ್ದರಿಂದ ಕೆಳಗಿನ ಪ್ರತಿಯೊಂದನ್ನೂ ಒಂದೇ ಪ್ರಶ್ನೆಗೆ ಒಡ್ಡಿದ್ದೇನೆ: ಕಾಲೇಜು ತೆರೆದ ಮರುದಿನವೂ ಇದು ನಡೆದೀತೇ?

ಅಳುಕಿನ ಮಾತು ಮೊದಲು ಮುಗಿಸೋಣ. ನ್ಯಾಯವಾದ ಬೆಲೆಗೆ ಜನರಿಗೆ ಬೇಕಾದ್ದನ್ನು ಕೊಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ. ಕೊರತೆ ಇರುವ ವಸ್ತುವನ್ನು ಕೂಡಿಟ್ಟು ಎಂಆರ್‌ಪಿ ಮೀರಿ ಮಾರಿದರೆ ಅದು ಅಪರಾಧ. ನಿಮ್ಮ ಅಳುಕು ಎರಡನೆಯದಕ್ಕೆ ಸಲ್ಲಬೇಕು, ಮೊದಲನೆಯದಕ್ಕೆ ಅಲ್ಲ.

ಇನ್ನು ಮಾಸ್ಕ್, ಸ್ಯಾನಿಟೈಸರ್. ಇದನ್ನು ಬಿಟ್ಟುಬಿಡಿ.

ಸ್ಯಾನಿಟೈಸರ್ ಮಾಡುವುದು ಸುಲಭ ಎಂಬ ಮಾತು ಅರ್ಧ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಯಾರಿಗೂ ಸಿಗುತ್ತದೆ. 10 ಲೀಟರಿಗೆ ಶೇ. 96ರ ಎಥನಾಲ್ 8,333 ಮಿ.ಲೀ., ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಗ್ಲಿಸರಿನ್ 145 ಮಿ.ಲೀ., ಉಳಿದದ್ದು ಕುದಿಸಿ ಆರಿಸಿದ ನೀರು. ತುಂಬಿಸಿದ ಮೇಲೆ 72 ಗಂಟೆ ಮುಟ್ಟದೆ ಇಡಬೇಕು. ಇಷ್ಟನ್ನು ಬಿ.ಎಸ್ಸಿ. ಓದುವ ಯಾರೂ ಬೆರೆಸಿಯಾರು. ತೊಡಕು ಇರುವುದು ಇದರ ಆಚೆ. ಇದು ಕಾನೂನಿನ ಕಣ್ಣಿಗೆ ಔಷಧ. ತಯಾರಿಗೆ ಡ್ರಗ್ಸ್ ಇಲಾಖೆಯ ಲೈಸೆನ್ಸ್ ಬೇಕು. ಕಳೆದ ಜುಲೈಯಲ್ಲಿ ಕೇಂದ್ರ ಸಡಿಲಿಸಿದ್ದು ಮಾರಾಟದ ಲೈಸೆನ್ಸನ್ನು, ತಯಾರಿಯದ್ದನ್ನಲ್ಲ. ಈ ಎರಡನ್ನು ಒಂದೇ ಎಂದು ತಿಳಿದು ಕೈಸುಟ್ಟುಕೊಂಡವರಿದ್ದಾರೆ. ಎಥನಾಲ್ ತರಿಸಲು ಅಬಕಾರಿ ಇಲಾಖೆಯ ಪರವಾನಗಿ ಬೇರೆ. ಮಧ್ಯವರ್ತಿಯಿಂದ ಅಗ್ಗದ ಸ್ಪಿರಿಟ್ ತಂದರೆ ಅದರಲ್ಲಿ ಮೆಥನಾಲ್ ಇರಬಹುದು, ಅದು ವಿಷ. ಹಂಚಿನ ಮನೆಯ ಚಾವಡಿಯಲ್ಲಿ ಶೇ. 80ರ ಆಲ್ಕೋಹಾಲಿನ ಕ್ಯಾನು, ಗೋಡೆಯಾಚೆ ಸೌದೆ ಒಲೆ. ನೆನೆಸಿಕೊಳ್ಳಿ ಒಮ್ಮೆ.

ಮಾಸ್ಕಿಗೆ ಈ ಅಪಾಯವಿಲ್ಲ, ಆದರೆ ಲಾಭವೂ ಇಲ್ಲ. 2020ರ ಮಾರ್ಚಿನಲ್ಲಿ ಕೇಂದ್ರ ತ್ರಿಪದರ ಮಾಸ್ಕಿಗೆ 10 ರೂ. ಮಿತಿ ಹಾಕಿತ್ತು. ಈ ಮೇ ತಿಂಗಳಲ್ಲಿ ಕೇರಳ ಸರಕಾರ ಮೊದಲು ನಿಗದಿ ಮಾಡಿದ ದರ 3 ರೂ. 90 ಪೈಸೆ. ಬಳಿಕ ಸ್ವಲ್ಪ ಏರಿಸಿದ್ದಾರೆ, ಆದರೂ ನೀವು ಬಟ್ಟೆ ಕತ್ತರಿಸಿ, ಇಲಾಸ್ಟಿಕ್ ಹೊಲಿದು ಮುಗಿಸುವಾಗ ಹೊಲಿಗೆ ಕೂಲಿಯೇ ಅದನ್ನು ದಾಟುತ್ತದೆ. ಮಾರ್ಚಿನಿಂದ ಮೇ ತನಕ ಸಿಗದ ವಸ್ತು ಜುಲೈಯಲ್ಲಿ ಗುಡ್ಡೆ ಬೀಳುವುದು ರೋಗದ ಕಾಲದ ವ್ಯಾಪಾರದ ಗುಣವೇ. ಕೊರತೆ ಕಂಡ ಕೂಡಲೇ ದೊಡ್ಡ ಕಾರ್ಖಾನೆಗಳು ಅದರ ಕಡೆ ತಿರುಗುತ್ತವೆ, ಸರಕಾರ ದರ ಕಟ್ಟುತ್ತದೆ, ಸಣ್ಣವರ ಮಾಲು ಮಾರುಕಟ್ಟೆಗೆ ಬರುವಷ್ಟರಲ್ಲಿ ಗಾಡಿ ಹೋಗಿಯಾಗಿರುತ್ತದೆ. ಆಕ್ಸಿಮೀಟರಿಗೂ ಇದೇ ಮಾತು. ಸ್ಯಾನಿಟೈಸರ್, ಆಕ್ಸಿಮೀಟರ್‌ಗಳ ಜಿಎಸ್‌ಟಿಯನ್ನು ಶೇ. 5ಕ್ಕೆ ಇಳಿಸಿರುವುದೂ 2021ರ ಸೆಪ್ಟೆಂಬರ್ 30ರವರೆಗೆ ಮಾತ್ರ.

ಡೆಲಿವರಿಯ ಯೋಚನೆಯಲ್ಲಿ ಹುರುಳಿದೆ, ಲೆಕ್ಕದಲ್ಲಿ ಇಲ್ಲ. ನೋಡಿ: ಬದಿಯಡ್ಕಕ್ಕೆ ಹೋಗಿ, ಒಳರಸ್ತೆಯ ಮನೆಗಳಿಗೆ ಕೊಟ್ಟು ಬರಲು 26 ಕಿ.ಮೀ. ಎಂದಿಟ್ಟುಕೊಳ್ಳಿ. ಪೆಟ್ರೋಲ್ ನೂರರ ಹತ್ತಿರ ಇದೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ ಇಂಧನವೇ ಕಿ.ಮೀ.ಗೆ 2 ರೂ. ಮೇಲೆ. ಟಯರು, ಆಯಿಲ್, ಮಳೆಗಾಲದ ರಸ್ತೆಯ ಸವಕಳಿ ಸೇರಿಸಿ 4 ರೂ. ಹಿಡಿಯಿರಿ. ಒಂದು ಸುತ್ತಿಗೆ 104 ರೂ. ಮನೆಗೆ 20 ರೂ.ನಂತೆ ತೆಗೆದುಕೊಂಡರೆ ಆರನೇ ಮನೆಯ ತನಕ ನೀವು ದುಡಿಯುವುದು ಸ್ಕೂಟರಿಗಾಗಿ. ಹತ್ತು ಮನೆ ಸಿಕ್ಕರೆ ಉಳಿಯುವುದು 96 ರೂ. ಅಕ್ಕಿ, ಸಕ್ಕರೆಯಲ್ಲಿ ಅಂಗಡಿಯವರಿಗೇ ಹೆಚ್ಚು ಲಾಭ ಇಲ್ಲ, ಅದರಲ್ಲಿ ನಿಮಗೆ ಕಮಿಷನ್ ಕೊಡಲಾರರು.

ಇದರ ಮೇಲೆ ಪಂಚಾಯತಿನ ಲಾಕ್‌ಡೌನ್ ಕೆಟಗರಿ. ಟಿಪಿಆರ್ (ಪರೀಕ್ಷೆ ಮಾಡಿಸಿದವರಲ್ಲಿ ಪಾಸಿಟಿವ್ ಬಂದವರ ಪ್ರಮಾಣ) ನೋಡಿ ಎ, ಬಿ, ಸಿ, ಡಿ ಎಂದು ವಾರಕ್ಕೊಮ್ಮೆ ಬದಲಾಗುತ್ತಿದೆ. ಈ ವಾರ ನಿಮ್ಮ ಎಣ್ಮಕಜೆ ಪಂಚಾಯತ್ ತೆರೆದಿದ್ದು ಬದಿಯಡ್ಕ ಮುಚ್ಚಿರಬಹುದು, ಮುಂದಿನ ವಾರ ತಿರುಗಾಮುರುಗಾ. ಎಲ್ಲವೂ ತೆರೆದ ದಿನ ನಿಮ್ಮ ಗಿರಾಕಿಗಳು ತಾವೇ ಜೀಪು ಹತ್ತಿ ಪೇಟೆಗೆ ಹೋಗುತ್ತಾರೆ. ಪೇಟೆಗೆ ಹೋಗುವುದು ನಮ್ಮ ಕಡೆಯವರಿಗೆ ಸಾಮಾನಿನ ಕೆಲಸ ಮಾತ್ರವಲ್ಲ, ನಿಮಗೆ ಗೊತ್ತೇ ಇದೆ.

ಮಾಡುವುದಾದರೆ ಮೂರು ಎಚ್ಚರಿಕೆ ಇರಲಿ. ಮದ್ದನ್ನು ಕೂಡಿಟ್ಟು ಮಾರಬಾರದು. ಮೆಡಿಕಲಿನವರ ಬಿಲ್ಲು, ವೈದ್ಯರ ಚೀಟಿ ಸಮೇತ ಆ ಮನೆಗಷ್ಟೇ ಒಯ್ಯಬಹುದು. ಸಾಮಾನಿನ ದುಡ್ಡು ನಿಮ್ಮ ಕೈಯಿಂದ ಹಾಕಬೇಡಿ. ಮನೆಯವರು ಅಂಗಡಿಗೇ ಗೂಗಲ್ ಪೇ ಮಾಡಲಿ, ಇಲ್ಲದಿದ್ದರೆ ನಿಮ್ಮ 40,000 ಒಂದೇ ತಿಂಗಳಲ್ಲಿ ಕಡದ ಪುಸ್ತಕಕ್ಕೆ ಹೋಗುತ್ತದೆ. ಖಾಸಗಿ ನೋಂದಣಿಯ ಸ್ಕೂಟರನ್ನು ಬಾಡಿಗೆ ಸಾಗಾಟಕ್ಕೆ ಬಳಸುವಾಗ ಅಪಘಾತವಾದರೆ ವಿಮಾ ಕಂಪೆನಿ ತಗಾದೆ ತೆಗೆಯಬಹುದು. ಗೆಳತಿಯ ತಮ್ಮ ಸ್ಕೂಟರ್ ಬಿಡುವ ಮಾತು ಸೆಪ್ಟೆಂಬರಿನ ತನಕ ಬೇಡವೇ ಬೇಡ.

ಹಲಸಿಗೆ ಬರೋಣ. ನಿಮ್ಮ ಪತ್ರದಲ್ಲಿ ಹೆಚ್ಚು ತೂಕದ್ದು ಇದೇ. ನೀವು ಗಮನಿಸದ ಎರಡು ಸಂಗತಿಗಳೂ ಇದರಲ್ಲೇ ಇವೆ: ಒಂದು ಗಡಿ, ಇನ್ನೊಂದು ಮಳೆ.

ಗಡಿಯ ಮಾತು ತೆರಿಗೆಯದ್ದು. ಕೇರಳದಲ್ಲಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಡ ಎಂಬುದನ್ನು ಬಿ.ಕಾಂ.ನಲ್ಲಿ ಓದಿರುತ್ತೀರಿ. ಅದು ರಾಜ್ಯದೊಳಗಿನ ಮಾರಾಟಕ್ಕೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ತಿರುವನಂತಪುರಕ್ಕೆ ಕಳಿಸಿದರೆ ಬೇಡ, ಸಾರಡ್ಕ ಗಡಿಯ ಆಚೆ ಕರ್ನಾಟಕದ ಅಡ್ಯನಡ್ಕದ ಅಂಗಡಿಗೆ ಕೊಟ್ಟರೆ ಬೇಕು! ನಮ್ಮ ಪೇಟೆ, ಆಸ್ಪತ್ರೆ, ನೆಂಟಸ್ತಿಕೆ ಎಲ್ಲ ಆಚೆ ಇದ್ದರೂ ಕಾನೂನಿಗೆ ಅದು ಪರರಾಜ್ಯ. ಅಮೆಜಾನಿನಂಥ ಜಾಲತಾಣಗಳ ಮೂಲಕ ಬೇರೆ ರಾಜ್ಯಕ್ಕೆ ಮಾರಿದರೂ ಇದೇ ಕಥೆ.

ಹಲಸಿನ ಚಿಪ್ಸಿಗೆ ತೆರಿಗೆ ಇದೆ. ಹಪ್ಪಳಕ್ಕೆ ಇಲ್ಲ, ಯಾವ ಹೆಸರಿನ ಹಪ್ಪಳವಾದರೂ ಜಿಎಸ್‌ಟಿಯಿಂದ ಹೊರಗೆ. ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ಗಡಿ ದಾಟಿದರೂ ನೋಂದಣಿ ಬೇಡ. ಅಂದರೆ ಬರೀ ಹಪ್ಪಳ ಮಾಡಿದರೆ ಪುತ್ತೂರು, ವಿಟ್ಲ, ಮಂಗಳೂರು ನಿಮಗೆ ತೆರೆದಿವೆ. ಅದರ ಜೊತೆ ಹತ್ತು ಪ್ಯಾಕೆಟ್ ಚಿಪ್ಸ್ ಕಳಿಸಿದಿರೋ ಸಿಕ್ಕಿಬಿದ್ದಿರಿ. "ಜಿಎಸ್‌ಟಿ ಇದ್ದರೆ ಒಂದು ತೂಕ" ಎಂದು ಸುಮ್ಮನೆ ನೋಂದಾಯಿಸುವ ಹುಡುಗರಿದ್ದಾರೆ. ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ಹಾಕಬೇಕು, ತಡವಾದರೆ ದಿನಕ್ಕೆ 20 ರೂ. ದಂಡ, ವ್ಯಾಪಾರ ಇದ್ದರೆ 50 ರೂ. ಪರೀಕ್ಷೆಯ ತಿಂಗಳಲ್ಲಿ ಇದು ಮರೆತೇ ಹೋಗುತ್ತದೆ.

ತೆರಿಗೆಯ ಗಡಿಯನ್ನು ಹಪ್ಪಳ ದಾಟಿದರೂ ಮನುಷ್ಯರು ದಾಟಬೇಕಲ್ಲ. ಆರ್‌ಟಿಪಿಸಿಆರ್ ಕೋವಿಡ್ ಪರೀಕ್ಷೆಯ ಚೀಟಿಯ ಆದೇಶ ಆಗಾಗ ಬದಲಾಗುತ್ತಿದೆ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಲು ಕರ್ನಾಟಕ ರಸ್ತೆಗೆ ಮಣ್ಣು ಸುರಿದದ್ದು ನೆನಪಿರಲಿ. ಆದ್ದರಿಂದ ಮೊದಲ ವರ್ಷ ಮಾಲಿನ ಅರ್ಧಕ್ಕಿಂತ ಹೆಚ್ಚು ಆಚೆಯ ಅಂಗಡಿಗಳನ್ನು ನಂಬಿ ಇರಬಾರದು. ಕುಂಬಳೆ, ಉಪ್ಪಳ, ಕಾಸರಗೋಡು, ಮುಳ್ಳೇರಿಯದಲ್ಲೂ ಹಪ್ಪಳ ತಿನ್ನುವವರಿದ್ದಾರೆ.

ಈಗ ಮಳೆ. ಹಲಸಿನ ಹಪ್ಪಳ ಬಿಸುವಿನ (ಏಪ್ರಿಲ್ ನಡುವಿನ ಹೊಸವರ್ಷದ) ಆಸುಪಾಸಿನ ಕೆಲಸ. ಬೆಳೆದ, ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಕಡೆದು, ಉಂಡೆ ಒತ್ತಿ, ಚಾಪೆಯ ಮೇಲೆ ಎರಡು ಮೂರು ದಿನ ಗಟ್ಟಿ ಬಿಸಿಲು. ಈ ಜುಲೈಯಲ್ಲಿ ಬಿಸಿಲು ಎಲ್ಲಿದೆ? ಕಾಯಿಯೂ ಮುಗಿಯುತ್ತಾ ಬಂತು, ಉಳಿದದ್ದು ನೀರು ಕುಡಿದು ಸಪ್ಪೆ. ಈಗ ಒಲೆಯ ಮೇಲೆ ತೂಗುಹಾಕಿ ಒಣಗಿಸಿದ ಹಪ್ಪಳ ಅಂಚು ಗರಿಗರಿ, ನಡು ಮೆತ್ತಗೆ; ಕವರಿಗೆ ಹಾಕಿದ ವಾರದಲ್ಲಿ ಬೂಷ್ಟು.

ಒಂದು ಲೆಕ್ಕವನ್ನೂ ಮಾಡಿಡಿ. 10 ಕಿಲೋದ ಕಾಯಿಯಲ್ಲಿ ಸೊಳೆ ಸುಮಾರು 3 ಕಿಲೋ ಸಿಗುತ್ತದೆ, ಒಣಗಿದ ಮೇಲೆ 80ರಿಂದ 100 ಹಪ್ಪಳ. ಇಬ್ಬರು ಬೆಳಗಿನಿಂದ ಸಂಜೆಯ ತನಕ ಕೈಯಲ್ಲೇ ಒತ್ತಿದರೆ 300 ಆಯಿತೆನ್ನಿ. 25ರ ಪ್ಯಾಕೆಟ್ 12. ಅಂಗಡಿಗೆ 50 ರೂ.ನಂತೆ ಕೊಟ್ಟರೆ 600. ಮಸಾಲೆ, ಕವರು, ಗ್ಯಾಸ್ ಕಳೆದು 420 ಉಳಿದರೆ ತಲೆಗೆ 210 ರೂ. ಕೇರಳದಲ್ಲಿ ಉದ್ಯೋಗ ಖಾತರಿಯ ಈ ವರ್ಷದ (2021) ದಿನಗೂಲಿ 291 ರೂ. ನಿರಾಸೆ ಮಾಡಲೆಂದು ಹೇಳುತ್ತಿಲ್ಲ. ಕೈಯಲ್ಲಿ ಒತ್ತುವ ಹಪ್ಪಳದಲ್ಲಿ ದುಡ್ಡು ಇರುವುದು ಒತ್ತುವವರಿಗೆ ಅಲ್ಲ, ಚೆನ್ನಾಗಿ ಕಟ್ಟಿ ಸರಿಯಾದ ಹೊತ್ತಿಗೆ ಮಾರುವವರಿಗೆ. ಮತ್ತೆ ಸರಿಯಾದ ಹೊತ್ತು ಯಾವುದು? ಆಟಿ, ಮಳೆಗಾಲದ ನಡುವಿನ ತುಳು ತಿಂಗಳು. ಹೊರಗೆ ಧೋ ಎಂದು ಸುರಿಯುವಾಗಲೇ ಹಪ್ಪಳದ ಡಬ್ಬಿ ತೆರೆಯುವುದು.

ಹಾಗಾಗಿ ಈ ವರ್ಷಕ್ಕೆ ನನ್ನ ಸಲಹೆ ತಯಾರಿ ಬೇಡ, ಕೊಂಡು ಕಟ್ಟಿ ಮಾರಿ. ನಿಮ್ಮ ಸುತ್ತಿನ ಮನೆಗಳಲ್ಲಿ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕಗಳಲ್ಲಿ ಏಪ್ರಿಲ್, ಮೇಯಲ್ಲಿ ಮಾಡಿದ ಹಪ್ಪಳ ಮಾರಾಟವಾಗದೆ ಉಳಿದಿದೆ. ಜಾತ್ರೆ, ಮೇಳ, ಮದುವೆ ಯಾವುದೂ ಹಿಂದಿನಂತೆ ನಡೆಯಲಿಲ್ಲವಲ್ಲ. 25ರ ಕಟ್ಟಿಗೆ 45 ರೂ. ಕೊಟ್ಟು ತಂದು, ಕವರು, ಲೇಬಲಿಗೆ 4 ರೂ. ಹಾಕಿ, ಅಂಗಡಿಗೆ 58ಕ್ಕೆ ಕೊಟ್ಟರೆ 9 ರೂ. ಉಳಿತಾಯ, ಎಂಆರ್‌ಪಿ 70ಕ್ಕೆ ನೇರ ಮನೆಗೆ ಮಾರಿದರೆ 21. ನಿಮ್ಮ ಡೆಲಿವರಿ ಯೋಚನೆಗೆ ಜಾಗ ಇಲ್ಲಿದೆ: ದಿನಸಿ ಒಯ್ಯುವ ಅದೇ ಸುತ್ತಿನಲ್ಲಿ ನಿಮ್ಮದೇ ಮಾಲು.

ಕೊಳ್ಳುವಾಗ ಪ್ರತಿ ಕಟ್ಟಿನ ನಡುವಿನಿಂದ ಒಂದನ್ನು ಎಳೆಯಿರಿ, ಮೇಲಿನದ್ದನ್ನಲ್ಲ. ಬಾಗಿಸಿದರೆ ಟಕ್ಕೆಂದು ಮುರಿಯಬೇಕು. ಬಳುಕಿದರೆ ತೇವ ಇದೆ, ಬೇಡ. ಮೂಗಿನ ಹತ್ತಿರ ಹಿಡಿಯಿರಿ, ಹಳೆಯ ಚಾಪೆಯಂಥ ಮುಗ್ಗಲು ವಾಸನೆ ಬಂದರೆ ಕರಿದ ಮೇಲೂ ಅದು ಹೋಗದು. ಒಂದನ್ನು ಕರಿದು ನೋಡಿ: ಬೇಗ ಕೆಂಪಾದರೆ ಕಾಯಿ ಹಣ್ಣಿಗೆ ತಿರುಗಿತ್ತು ಎಂದರ್ಥ, ರುಚಿಗೆ ಅಡ್ಡಿಯಿಲ್ಲ, ಆದರೆ ಬಿಳಿಯದರ ಜೊತೆ ಒಂದೇ ಪ್ಯಾಕೆಟಿಗೆ ಹಾಕಬೇಡಿ. ಕವರು ದಪ್ಪದ್ದಿರಲಿ, ಹಪ್ಪಳದ ಕಟ್ಟು ಅಲ್ಲಾಡದಷ್ಟು ಬಿಗಿ, ತಳಕ್ಕೆ ಒಂದು ರಟ್ಟಿನ ತುಂಡು. ಸಡಿಲ ಕವರಿನಲ್ಲಿ ಸ್ಕೂಟರ್ ಪ್ರಯಾಣ ಮುಗಿಯುವಾಗ ಅರ್ಧ ಚೂರು. ಪ್ಯಾಕಿಂಗ್ ಮಾಡುವುದು ಮಳೆ ಬಿಟ್ಟ ಮಧ್ಯಾಹ್ನ. ಸಂಜೆಯ ಹಸಿಗಾಳಿ ಕವರಿನೊಳಗೆ ಹೋದರೆ ಸೀಲ್ ಎಷ್ಟು ಗಟ್ಟಿಯಾದರೂ ಪ್ರಯೋಜನವಿಲ್ಲ.

"ಮನೆಯಿಂದ ಮಾರುವುದಕ್ಕೆ ಲೈಸೆನ್ಸ್ ಯಾಕೆ, ವಾಟ್ಸಾಪಿನಲ್ಲಿ ಎಲ್ಲರೂ ಮಾರುತ್ತಾರಲ್ಲ" ಎನ್ನಬೇಡಿ. ಬೇರೆಯವರು ಮಾಡಿದ ಆಹಾರವನ್ನು ಕಟ್ಟಿ ಮಾರುವುದಕ್ಕೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವಹಿವಾಟು ವರ್ಷಕ್ಕೆ 12 ಲಕ್ಷದೊಳಗಿದ್ದರೆ ಶುಲ್ಕ ವರ್ಷಕ್ಕೆ 100 ರೂ. ಮಾತ್ರ, ಅದರ ಫಾಸ್ಕೋಸ್ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದವರೂ ಮಾಡಿಕೊಡುತ್ತಾರೆ. ಮುಂದಿನ ವರ್ಷ ತಯಾರಿಗೆ ಇಳಿದರೆ ಬಾವಿ ನೀರಿನ ಪರೀಕ್ಷಾ ವರದಿ ಕೇಳಬಹುದು, ಈಗಲೇ ಮಾಡಿಸಿಡಿ. ಪ್ಯಾಕೆಟ್ ಮಾಡಿ ಮಾರುವವರು ಲೀಗಲ್ ಮೆಟ್ರಾಲಜಿಯಲ್ಲಿ (ತೂಕ, ಅಳತೆಯ ಇಲಾಖೆ) ಪ್ಯಾಕರ್ ಎಂದು 90 ದಿನದೊಳಗೆ ನೋಂದಾಯಿಸಬೇಕು, 500 ರೂ. ತಕ್ಕಡಿಗೆ ಅವರ ಮುದ್ರೆಯೂ ಬೇಕು. ಲೇಬಲಿನಲ್ಲಿ ವಸ್ತುವಿನ ಹೆಸರು, ಏನೇನು ಹಾಕಿದೆ, ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ಬಾಳಿಕೆ, ಬ್ಯಾಚ್ ಸಂಖ್ಯೆ, ವಿಳಾಸ, ದೂರು ಹೇಳಲು ಫೋನು, ಸಸ್ಯಾಹಾರದ ಹಸಿರು ಚುಕ್ಕೆ, ನೋಂದಣಿ ಸಂಖ್ಯೆ. ಇವು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರಲೇಬೇಕು; ಅದರ ಜೊತೆ ಕನ್ನಡ, ಮಲಯಾಳ ಎರಡನ್ನೂ ಹಾಕಿ. ಕುಂಬಳೆಯ ಅಂಗಡಿಗೆ ಮಲಯಾಳ ಬೇಕು, ವಿಟ್ಲದ ಅಂಗಡಿಗೆ ಕನ್ನಡ. ಲೇಬಲನ್ನು ಎರಡು ಸಲ ಅಚ್ಚು ಹಾಕಿಸುವ ಖರ್ಚು ಯಾಕೆ?

ಸಣ್ಣ ಉದ್ಯಮಗಳಿಗಿರುವ ಕೇಂದ್ರದ ಉದ್ಯಮ್ ನೋಂದಣಿ ಆಧಾರ್ ಇದ್ದರೆ ಹತ್ತು ನಿಮಿಷದ ಕೆಲಸ, ಪೂರ್ತಿ ಉಚಿತ. ಸಾವಿರ, ಎರಡು ಸಾವಿರ ಕೇಳುವ ಜಾಲತಾಣಗಳು ಸರಕಾರದವಲ್ಲ. ಪಂಚಾಯತ್ ಮುಂತಾದ ರಾಜ್ಯದ ಅನುಮತಿಗಳಿಗೆ ಕೇರಳದ 2019ರ ಕಾಯ್ದೆಯಂತೆ ಸರಕಾರದ ಆನ್‌ಲೈನ್ ಅನುಮತಿ ತಾಣ ಕೆ-ಸ್ವಿಫ್ಟ್‌ನಲ್ಲಿ ಸ್ವಯಂಘೋಷಣೆ ಕೊಟ್ಟರೆ ಮೂರು ವರ್ಷ ತಲೆನೋವಿಲ್ಲ. ಆದರೆ ಎಫ್‌ಎಸ್‌ಎಸ್‌ಎಐ ಕೇಂದ್ರದ ಕಾನೂನು, ಅದಕ್ಕೆ ಈ ವಿನಾಯಿತಿ ಸಲ್ಲದು. ಸಂಶಯವಿದ್ದರೆ ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ, ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು.

ಸಂಬಂಧಿಕರು ಹೇಳಿದ ಸಾಲ ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆ ಪಿಎಂಇಜಿಪಿಯದ್ದು ಇರಬೇಕು. ಹಳ್ಳಿಯಲ್ಲಿ ಮಹಿಳೆಗೆ ಶೇ. 35 ಸಹಾಯಧನ, ಸ್ವಂತ ಪಾಲು ಶೇ. 5 ಎಂಬುದು ನಿಜ. "ಕೈಗೆ ಬರುತ್ತದೆ" ಎಂಬುದು ಸುಳ್ಳು. 3 ಲಕ್ಷಕ್ಕೆ 1,05,000 ರೂ. ನಿಮ್ಮ ಹೆಸರಿನಲ್ಲಿ ಬ್ಯಾಂಕಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ; ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ. ಸ್ವಂತ ಪಾಲು 15,000 ಕಳೆದು ಉಳಿದ 1,80,000ಕ್ಕೆ ಶೇ. 11 ಬಡ್ಡಿ, ಐದು ವರ್ಷ ಎಂದರೂ ಕಂತು ತಿಂಗಳಿಗೆ 3,900 ರೂ. ಮೂರು ವರ್ಷ ಮುಗಿಯುವಾಗ ನಿಮ್ಮ ಡಿಗ್ರಿ ಮುಗಿದು ಎಂ.ಕಾಂ.ಗೋ ಕೆಲಸಕ್ಕೋ ಹೋಗಿರುತ್ತೀರಿ. ಒಂದು ಕುಟುಂಬಕ್ಕೆ ಈ ಯೋಜನೆ ಒಮ್ಮೆ ಮಾತ್ರ. ಹಪ್ಪಳದ ಕವರಿಗಾಗಿ ಅದನ್ನು ಖರ್ಚು ಮಾಡಬೇಡಿ. ಇದರಲ್ಲಿ ಅಪ್ಪನ ಮಾತಿಗೆ ನನ್ನ ಒಪ್ಪಿಗೆ ಇದೆ. ಅಡಿಕೆಯ ಧಾರಣೆ ನಂಬಿ ಸುಮ್ಮನೆ ಕೂರಬೇಕು ಎಂಬುದಕ್ಕೆ ಅಲ್ಲ. ಮುಂದಿನ ಮಾರ್ಚಿನಲ್ಲಿ ಒಣಗಿಸುವ ಯಂತ್ರ ಬೇಕೆನಿಸಿದರೆ 50,000ದೊಳಗಿನ ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲ ಸಾಕು, ಅದಕ್ಕೆ ಜಾಗದ ಪತ್ರ ಇಡಬೇಕಾಗಿಲ್ಲ. ಯಂತ್ರ ಕೊಳ್ಳುವ ಮುನ್ನ ಕೂಡ್ಲುವಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ವಿಚಾರಿಸಿ. ತೆಂಗಿನ ಉತ್ಪನ್ನಗಳ ತಯಾರಿಗೆ ಅಲ್ಲಿ ತರಬೇತಿ, ಇನ್‌ಕ್ಯುಬೇಶನ್ (ಹೊಸ ಉದ್ಯಮಕ್ಕೆ ಆಸರೆ) ಸೌಲಭ್ಯ ಇದೆ. ಹಲಸಿಲ್ಲದ ತಿಂಗಳುಗಳಲ್ಲಿ ತೆಂಗಿನಕಾಯಿ ಚಿಪ್ಸ್ ನಿಮ್ಮನ್ನು ಕಾಯಬಹುದು (ಅದಕ್ಕೆ ತೆರಿಗೆ ಇದೆ ಎಂಬುದು ನೆನಪಿರಲಿ).

40,000ವನ್ನು ಹೀಗೆ ಹಂಚಿ: ಮಾಲಿಗೆ 15,000, ಸೀಲಿಂಗ್ ಮೆಷಿನು ಮತ್ತು ಮುದ್ರೆಯ ತಕ್ಕಡಿಗೆ 6,000, ಕವರು, ಲೇಬಲಿಗೆ 4,000, ನೋಂದಣಿಗಳಿಗೆ 1,000. ಉಳಿದ 14,000 ಮುಟ್ಟಬಾರದು. ಮೂವರಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಎಲ್ಲರೂ ಕ್ವಾರಂಟೈನ್; ಅಂಗಡಿಯವರ ಬಾಕಿ ಬರುವುದೂ ನಿಲ್ಲುತ್ತದೆ, ಹಪ್ಪಳ ಕೊಟ್ಟ ಮನೆಯವರಿಗೆ ದುಡ್ಡು ಕೊಡಲೇಬೇಕು. ಸಾಧ್ಯವಾದಷ್ಟು ಪ್ಯಾಕಿಂಗ್ ಮಾಡುವವರು ಮತ್ತು ಮನೆಮನೆಗೆ ಹೋಗುವವರು ಬೇರೆಬೇರೆಯಾಗಿರಲಿ, ಜ್ವರ ಇದ್ದವರು ಕವರು ಮುಟ್ಟುವುದು ಬೇಡ.

ನೋಂದಣಿಗಳು ಸದ್ಯ ನಿಮ್ಮೊಬ್ಬರ ಹೆಸರಿನಲ್ಲಿ, ಮಾಲಿಕತ್ವದ ಸಂಸ್ಥೆಯಾಗಿ ಸಾಕು. ಗೆಳತಿಯ ತಮ್ಮ 18 ತುಂಬುವ ತನಕ ಪಾಲುದಾರನಾಗಿ ಸಹಿ ಹಾಕಲಾಗದು. ಆದರೆ ಯಾರು ಎಷ್ಟು ಹಾಕಿದ್ದಾರೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು, ಪರೀಕ್ಷೆಯ ವಾರಗಳಲ್ಲಿ ಅಂಗಡಿಗೆ ಮಾಲು ಹಾಕುವವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸ್ನೇಹಕ್ಕೆ ಕಾಗದ ಯಾಕೆ ಎನ್ನುವವರೇ ಆರು ತಿಂಗಳ ಬಳಿಕ ಮಾತು ಬಿಟ್ಟಿರುತ್ತಾರೆ. ಕೇರಳದಲ್ಲಿ ವಿದ್ಯಾರ್ಥಿ ಉದ್ಯಮಿಗಳಿಗೆ ಹಾಜರಾತಿಯಲ್ಲಿ ಶೇ. 20, ಅಂಕದಲ್ಲಿ ಶೇ. 4ರ ರಿಯಾಯಿತಿಯ ನೀತಿ ಇದೆ. ನಿಮ್ಮ ಕೋರ್ಸಿಗೆ ಹೇಗೆ ಸಲ್ಲುತ್ತದೆ ಎಂದು ಕಾಲೇಜಿನಲ್ಲಿ ಲಿಖಿತವಾಗಿ ಕೇಳಿ, ಬಾಯಿಮಾತು ನಂಬಬೇಡಿ.

ಆಗಸ್ಟಿನ ನಡುವಿಗೆ ಆಟಿ ಮುಗಿಯುತ್ತದೆ. ಎಫ್‌ಎಸ್‌ಎಸ್‌ಎಐ ಅರ್ಜಿ ಈ ವಾರವೇ ಹಾಕಿ. ನೋಂದಣಿ ಸಂಖ್ಯೆ ಬರುವಷ್ಟರಲ್ಲಿ ಐದಾರು ಮನೆಗಳ ಹಪ್ಪಳ ಕರಿದು ನೋಡಿ, ಯಾರದ್ದು ಕೊಳ್ಳುವುದು ಎಂದು ತೀರ್ಮಾನಿಸಿರಿ. ಮೊದಲ ಬಾರಿ 50 ಪ್ಯಾಕೆಟ್‌ಗಿಂತ ಹೆಚ್ಚು ಕಟ್ಟಬೇಡಿ. ಅಂಗಡಿಗೆ ಹತ್ತರಂತೆ ಕೊಟ್ಟು ಹತ್ತನೇ ದಿನ ಹೋಗಿ ಎಷ್ಟು ಉಳಿದಿದೆ ಎಂದು ಎಣಿಸಿ. ಮಾರಿಹೋದದ್ದಕ್ಕೆ ನಗದು ಸಿಕ್ಕಿದ ಮೇಲೆಯೇ ಮುಂದಿನ ಹತ್ತು ಇಡಿ.